ವಿಕಾರಿಯೇಟ್ ಅಂದ್ರೆ ಸಣ್ಣ ಧರ್ಮಪ್ರಾಂತ್ಯವಾ? ಪೆರುವಿನ ಪುಯೆರ್ತೊ ಮಾಲ್ದೊನಾದೊ ಬಗ್ಗೆ ಪ್ರಶ್ನೆ

ಕಾಳಿತೀರ (ಕಾರವಾರ)

ಅಕ್ಟೋಬರಿನ ಮಿಷನ್ ಭಾನುವಾರಕ್ಕೆ ಇಗರ್ಜಿ ಹಾಲಿನಲ್ಲಿ ನಿಲ್ಲಿಸಲು ಆರು ಫಲಕ ಆಗಬೇಕು. ಒಂದೊಂದಕ್ಕೆ 120 ಶಬ್ದ, ಜೊತೆಗೊಂದು ನಕ್ಷೆ. ವಿಷಯ ಪೆರು ದೇಶದ ಅಮೆಜಾನ್ ಕಾಡಿನಲ್ಲಿರುವ ಪುಯೆರ್ತೊ ಮಾಲ್ದೊನಾದೊ ಅಪೊಸ್ತಲಿಕ್ ವಿಕಾರಿಯೇಟ್. ಕರಡು ಸಿದ್ಧ ಇದೆ, ಆದರೆ ನಾಲ್ಕು ಕಡೆ ಕೈ ತಡೀತಾ ಇದೆ.

ಮೊದಲನೆಯದು, ಕಾರವಾರ 1976ರಲ್ಲೇ ಧರ್ಮಪ್ರಾಂತ್ಯ (ಒಬ್ಬ ಬಿಷಪರ ಆಡಳಿತದ ಸೀಮೆ) ಆಯ್ತು. ಪುಯೆರ್ತೊ ಮಾಲ್ದೊನಾದೊ ಶುರುವಾಗಿದ್ದು 1900ರಲ್ಲಿ, ಇನ್ನೂ ವಿಕಾರಿಯೇಟ್ ಆಗಿಯೇ ಇದೆ. ಯಾಕೆ? ಎರಡನೆಯದು, 'ವಿಕಾರಿಯೇಟ್' ಶಬ್ದಕ್ಕೆ ಕನ್ನಡದಲ್ಲಿ ಏನು ಬರೆಯೋದು? ಸದ್ಯ 'ಕಿರು ಧರ್ಮಪ್ರಾಂತ್ಯ' ಅಂತ ಹಾಕಿದೆ. ಮೂರನೆಯದು, ಗುರುಗಳು ಹೊಳೆ ದಾರಿಯಲ್ಲಿ ಊರೂರು ಸುತ್ತೋದು ಯಾವ ತಿಂಗಳಲ್ಲಿ, ಏನೇನು ಹೊತ್ತುಕೊಂಡು? ಕರಡಿನಲ್ಲಿ 'ಮಳೆಗಾಲ ಮುಗಿದ ಮೇಲೆ ಅಕ್ಟೋಬರಿನಿಂದ' ಅಂತಿದೆ. ನಾಲ್ಕನೆಯದು, 'ಬಿಷಪರು ತೀರಿಕೊಂಡರೆ ಎಂಟು ದಿನದೊಳಗೆ ಹಿರಿಯ ಗುರುಗಳು ಸೇರಿ ಆಡಳಿತಗಾರರನ್ನು ಆರಿಸುತ್ತಾರೆ' ಎಂಬ ಸಾಲು ಸರಿಯಾ?

ಕೊನೆಯ ಫಲಕದ ಕೆಳಗೆ 'ಪುಯೆರ್ತೊ ಮಾಲ್ದೊನಾದೊಗೆ ಕಾಣಿಕೆ' ಅಂತ ಒಂದು ಡಬ್ಬಿ ಇಡುವ ಯೋಚನೆಯೂ ಇದೆ.

---

ಹಳೇಕಡತ (ಸುಂಕೇರಿ)

ನಾಲ್ಕನೆಯದನ್ನು ಮೊದಲು ತೆಗೆದುಹಾಕಿ, ಅದು ತಪ್ಪು. ಎಂಟು ದಿನದೊಳಗೆ ಸಮಾಲೋಚಕರ ಮಂಡಳಿ ಆರಿಸೋದು ಧರ್ಮಪ್ರಾಂತ್ಯದಲ್ಲಿ. ವಿಕಾರಿಯೇಟಿನಲ್ಲಿ ಚುನಾವಣೆಯೇ ಇಲ್ಲ. ಅಪೊಸ್ತಲಿಕ್ ವಿಕಾರ್ ಅಧಿಕಾರ ವಹಿಸಿಕೊಂಡ ಕೂಡಲೇ ಒಬ್ಬ ಪ್ರೊ-ವಿಕಾರ್ ಅವರನ್ನು ನೇಮಿಸಿಡಬೇಕು. ಸ್ಥಾನ ತೆರವಾದ ಗಳಿಗೆಯಿಂದ ಆಡಳಿತ ಅವರ ಕೈಗೆ ಹೋಗುತ್ತದೆ. ರೋಮ್ ಬೇರೆ ವ್ಯವಸ್ಥೆ ಮಾಡಿದ್ದರೆ ಮಾತ್ರ ಬೇರೆ. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆಯ 420ನೇ ಕಾನನ್ (ವಿಧಿ) ನೋಡಿ. ಗುರುಗಳೆಲ್ಲ ನಾಲ್ಕು ಹೊಳೆಗಳ ಮೇಲೆ ಚದುರಿರುವಾಗ ಎಂಟು ದಿನದಲ್ಲಿ ಸಭೆ ಕೂಡಿಸೋದು ಆಗುವ ಕೆಲಸವಲ್ಲ ಮಾರಾಯ್ರೆ.

ಇದೇ ಎಳೆ ಹಿಡಿದರೆ ನಿಮ್ಮ ಮೊದಲ ಪ್ರಶ್ನೆಯೂ ಬಿಡಿಸಿಕೊಳ್ಳುತ್ತದೆ. ಧರ್ಮಪ್ರಾಂತ್ಯದ ಬಿಷಪರು ತಮ್ಮ ಸ್ಥಾನದ ಅಧಿಕಾರದಿಂದಲೇ ಆಳುತ್ತಾರೆ. ಅಪೊಸ್ತಲಿಕ್ ವಿಕಾರ್ ಆಳೋದು ಪೋಪರ ಹೆಸರಿನಲ್ಲಿ (ಕಾನನ್ 371). 'ವಿಶೇಷ ಪರಿಸ್ಥಿತಿಯ ಕಾರಣ ಇನ್ನೂ ಧರ್ಮಪ್ರಾಂತ್ಯವಾಗಿ ರೂಪುಗೊಂಡಿಲ್ಲ' ಎನ್ನುವುದು ಅಲ್ಲಿನ ಮಾತಿನ ಸಾರ. ವರ್ಷ ಎಷ್ಟು ಕಳೆಯಿತು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ. ಆ ನೆಲದವರೇ ಆದ ಗುರುಗಳು ಸಾಕಷ್ಟಿದ್ದಾರಾ, ಹೊರಗಿನ ದುಡ್ಡಿಲ್ಲದೆ ಸೆಮಿನರಿ, ಶಾಲೆ, ದೋಣಿ ನಡೆಯುತ್ತವಾ ಅನ್ನೋದು ಬರುತ್ತದೆ. ಆದೀತು ಅನ್ನಿಸಿದಾಗ ಏರಿಸುತ್ತಾರೆ. ಕೊಲಂಬಿಯಾದ ಸಾನ್ ವಿಸೆಂತೆ ದೆಲ್ ಕಾಗುವಾನ್ ವಿಕಾರಿಯೇಟ್ 2019ರಲ್ಲಿ ಧರ್ಮಪ್ರಾಂತ್ಯ ಆಯ್ತು. ನಮ್ಮ ಮಂಗಳೂರು ಕೂಡ 1886ರ ತನಕ ವಿಕಾರಿಯೇಟೇ ಆಗಿತ್ತು. ಕಾರವಾರಕ್ಕೆ ಆ ಮೆಟ್ಟಿಲು ಬೇಕಾಗಲಿಲ್ಲ, ಯಾಕೆಂದರೆ ಇದು ಇದ್ದ ಧರ್ಮಪ್ರಾಂತ್ಯದಿಂದ ಒಡೆದದ್ದು: ಗೋವಾದ ಕೆಳಗಿಂದ 1953ರಲ್ಲಿ ಬೆಳಗಾವಿಗೆ, ಅಲ್ಲಿಂದ 1976ರಲ್ಲಿ ಸ್ವತಂತ್ರ.

ಪೆರುವಿನ ಕಾಲಾನುಕ್ರಮ ಹೀಗೆ. ರಬ್ಬರ್ ವ್ಯಾಪಾರದ ಭರಾಟೆಯ ಕಾಲದಲ್ಲಿ, 1900ರಲ್ಲಿ ಪೋಪ್ 13ನೇ ಲಿಯೊ ಅಲ್ಲಿನ ಕಾಡನ್ನು ಮೂರು ಪ್ರಿಫೆಕ್ಚರ್‌ಗಳಾಗಿ ಹಂಚಿದರು. ಉತ್ತರದ ಸಾನ್ ಲಿಯೊನ್ ದೆಲ್ ಅಮಸೋನಾಸ್ ಅಗಸ್ಟಿನಿಯನ್ನರಿಗೆ, ನಡುವಿನ ಉಕಯಾಲಿ ಫ್ರಾನ್ಸಿಸ್ಕನ್ನರಿಗೆ, ದಕ್ಷಿಣದ ಸಾಂತೊ ದೊಮಿಂಗೊ ದೆಲ್ ಉರುಬಾಂಬಾ ಡೊಮಿನಿಕನ್ನರಿಗೆ (ಮೂರೂ ಸನ್ಯಾಸಿ ಸಂಘಗಳು). ಈ ಮೂರನೆಯದೇ ನಿಮ್ಮದು. 1913ರಲ್ಲಿ ವಿಕಾರಿಯೇಟ್ ಆಯ್ತು, ಹೆಸರು ಉರುಬಾಂಬಾ ಮತ್ತು ಮಾದ್ರೆ ದೆ ದಿಯೊಸ್; ಪುಯೆರ್ತೊ ಮಾಲ್ದೊನಾದೊ ಎಂಬ ಹೆಸರು ಬಂದದ್ದು 1949ರಲ್ಲಿ. ಆದ್ದರಿಂದ '1900ರಿಂದ ವಿಕಾರಿಯೇಟ್' ಅಂತ ಬರೆಯಬೇಡಿ. ಈಗ ಪೆರುವಿನಲ್ಲಿ ಒಟ್ಟು ಎಂಟು ವಿಕಾರಿಯೇಟ್‌ಗಳಿವೆ.

ಪ್ರಿಫೆಕ್ಚರ್ ಅಂದರೆ ಅದಕ್ಕೂ ಹಿಂದಿನ ಹಂತ. ಪ್ರಿಫೆಕ್ಟ್ ಸಾಮಾನ್ಯವಾಗಿ ಗುರು, ಬಿಷಪ್ ಅಲ್ಲ. ವಿಕಾರ್ ಮಾತ್ರ ಹೆಚ್ಚಾಗಿ ಬಿಷಪ್ ಆಗಿರುತ್ತಾರೆ, ಆದರೆ ತಾವಿರುವ ಊರಿನ ಬಿಷಪ್ ಅಂತಲ್ಲ; ಈಗ ಬರೀ ಹೆಸರಾಗಿ ಉಳಿದ ಯಾವುದೋ ಪುರಾತನ ಧರ್ಮಪ್ರಾಂತ್ಯದ ಬಿರುದು ಅವರಿಗಿರುತ್ತದೆ. ಫಲಕದಲ್ಲಿ 'ಪುಯೆರ್ತೊ ಮಾಲ್ದೊನಾದೊದ ಬಿಷಪ್' ಅಂದರೆ ಮಾತಿಗೆ ನಡೆಯುತ್ತದೆ, ಕಾನೂನಿಗೆ ನಡೆಯೋದಿಲ್ಲ. 'ಪುಯೆರ್ತೊ ಮಾಲ್ದೊನಾದೊದ ಅಪೊಸ್ತಲಿಕ್ ವಿಕಾರ್, ಬಿಷಪ್ ಇಂಥವರು' ಅಂತ ಹಾಕಿ.

ಕನ್ನಡ ಶಬ್ದದ ವಿಚಾರ. 'ಕಿರು ಧರ್ಮಪ್ರಾಂತ್ಯ' ಖಂಡಿತ ಬೇಡ. ಉತ್ತರ ಕನ್ನಡ ಜಿಲ್ಲೆ ಸುಮಾರು 10,300 ಚದರ ಕಿ.ಮೀ.; ಮಾದ್ರೆ ದೆ ದಿಯೊಸ್ ಪ್ರಾಂತವೊಂದೇ 85,300. ಅದು ವಿಕಾರಿಯೇಟಿನ ಒಂದು ಪಾಲು ಅಷ್ಟೆ, ಉರುಬಾಂಬಾ ಕಡೆಯದು ಬೇರೆ ಇದೆ. 'ಅಪೊಸ್ತಲಿಕ್ ವಿಕಾರಿಯೇಟ್' ಅಂತಲೇ ಇಟ್ಟು, ಕೆಳಗೆ ಒಂದು ಸಾಲು ವಿವರಣೆ ಕೊಡಿ. ಇಲ್ಲಿಯ ಓದುಗರಿಗೆ ಇನ್ನೊಂದು ತೊಡಕಿದೆ: ಕೊಂಕಣಿಯಲ್ಲಿ 'ವಿಗಾರ್' ಅಂದರೆ ಧರ್ಮಕೇಂದ್ರದ ಗುರು. ಅರ್ಧ ಜನ ಫಲಕ ಓದಿ 'ಅಲ್ಲಿನ ಊರ ವಿಗಾರರು' ಅಂತ ತಿಳಿದುಕೊಳ್ಳುತ್ತಾರೆ. ವಿವರಣೆಯ ಸಾಲು ಅದಕ್ಕಾಗಿಯೇ ಬೇಕು.

---

ತಾರಿಬಾಗಿಲು (ಹೊನ್ನಾವರ)

ಹೊಳೆ ವಿಚಾರ ನಾನು ಹೇಳ್ತೆ. ಮೊದಲು ತಿಂಗಳು ಸರಿ ಮಾಡ್ಕೊಳ್ಳಿ, ಕರಡಿನಲ್ಲಿ ನಮ್ಮ ಪಂಚಾಂಗ ಹೊಕ್ಕಿದೆ. ಮಾದ್ರೆ ದೆ ದಿಯೊಸ್‌ನಲ್ಲಿ ಜೋರು ಮಳೆ ಡಿಸೆಂಬರಿಂದ ಮಾರ್ಚ್. ಮೇಯಿಂದ ಸೆಪ್ಟೆಂಬರ್ ಒಣಗಾಲ. ನಮ್ಮಲ್ಲಿ ಶರಾವತಿ ತುಂಬಿ ಹರಿಯೋ ಆಷಾಢದಲ್ಲಿ ಅಲ್ಲಿ ಉಪನದಿ ತಲೆಕಡೆಗೆ ಮರಳುದಿಬ್ಬ ಎದ್ದಿರ್ತದೆ, ದೋಣಿ ಇಳಿದು ಎಳೀಬೇಕು. ಎರಡೂ ಕಾಲಕ್ಕೆ ಅದರದ್ದೇ ಕಷ್ಟ. ಒಣಗಾಲದಲ್ಲಿ ನೀರಿಲ್ಲ, ಮಳೆಯಲ್ಲಿ ಸೆಳವು, ಅದರ ಮೇಲೆ ತೇಲು ಮರ. ತೇಲು ಮರ ಹೆಚ್ಚು ಬರೋದು ತುಂಬು ಪ್ರವಾಹದಲ್ಲಿ ಅಲ್ಲ, ನೀರು ಏರೋಕೆ ಶುರುವಾದ ಮೊದಲ ದಿನಗಳಲ್ಲಿ. ಆರು ತಿಂಗಳಿಂದ ದಂಡೆ ಮೇಲೆ ಬಿದ್ದಿದ್ದ ದಿಮ್ಮಿ ಎಲ್ಲ ಒಮ್ಮೆಲೇ ಎದ್ದು ಬರ್ತವೆ. ಅರ್ಧ ಮುಳುಗಿದ್ದು ಕಾಣೋದಿಲ್ಲ, ಅದಕ್ಕೇ ಕತ್ತಲಾದ ಮೇಲೆ ದೋಣಿ ಬಿಡೋದಿಲ್ಲ. ಪೆರುವಿನ ಉತ್ತರದ ಇಕಿತೋಸ್ ಪಟ್ಟಣದ ಹತ್ರ ಲೆಕ್ಕ ಮತ್ತೆ ಬೇರೆ, ಅಲ್ಲಿ ನೀರು ತುಂಬೋದು ಏಪ್ರಿಲ್–ಮೇ ಸುಮಾರಿಗೆ. ಒಂದೇ ಅಮೆಜಾನ್ ಅಂತ ಒಂದೇ ಸಾಲು ಬರೆದ್ರೆ ಕೆಡ್ತದೆ.

ದೋಣಿ ಎರಡು ಥರ. 'ಪೆಕೆ-ಪೆಕೆ' ಅಂದ್ರೆ ಗಾಳಿಯಿಂದ ತಣ್ಣಗಾಗೋ ಸಣ್ಣ ಇಂಜಿನ್, ಹಿಂದೆ ಉದ್ದ ದಂಡ, ತುದಿಗೆ ಪ್ರೊಪೆಲ್ಲರ್. ನಿಧಾನ, ಆದರೆ ದಿಬ್ಬ ಬಂದ್ರೆ ದಂಡ ಮೇಲೆತ್ತಿ ದಾಟಬಹುದು. ಹೆಸರು ಬಂದದ್ದು ಅದರ ಸದ್ದಿಂದ. ಇನ್ನೊಂದು ನಮ್ಮ ನಾಡದೋಣಿಗೆ ಹಾಕುವಂಥ ಔಟ್‌ಬೋರ್ಡ್. 40 ಎಚ್‌ಪಿಯ ಟೂ-ಸ್ಟ್ರೋಕ್ ಪೂರ್ತಿ ಎಳೆದ್ರೆ ಗಂಟೆಗೆ ಸುಮಾರು 16 ಲೀಟರ್ ಪೆಟ್ರೋಲ್ ಕುಡೀತದೆ.

ಒಂದು ಲೆಕ್ಕ ಹಾಕಿ ತೋರಿಸ್ತೆ, ಫಲಕಕ್ಕೆ ಇದೇ ಚೆಂದ. ಮೇಲ್ಗಡೆ ಆರು ಗಂಟೆಯ ಊರು, ಸೆಳವಿನ ಜೊತೆ ವಾಪಸ್ ನಾಲ್ಕು ಗಂಟೆ. 96 ಮತ್ತು 64, ಒಟ್ಟು 160 ಲೀಟರ್. ಅದರ ಅರ್ಧದಷ್ಟು, 80 ಲೀಟರ್, ಮುಟ್ಟದೆ ಇಡಬೇಕು, ಯಾಕಂದ್ರೆ ನಡುವೆ ಬಂಕ್ ಇಲ್ಲ. ಒಟ್ಟು 240: ಒಂದು 200 ಲೀಟರಿನ ಡ್ರಮ್, ಎರಡು 20 ಲೀಟರಿನ ಕ್ಯಾನ್. 50ಕ್ಕೆ 1ರಂತೆ ಆಯಿಲ್ ಬೆರೆಸಿದ್ರೆ 4.8 ಲೀಟರ್ ಆಯಿಲ್. ಪೆಟ್ರೋಲಿನ ತೂಕವೇ 175 ಕೆ.ಜಿ. ಮೇಲೆ ಹೋಯ್ತು, ಮೂರು ಜನರ ಜಾಗ. ಫಾದರ್, ಒಬ್ಬ ಸಿಸ್ಟರ್, ಮೋಟರ್ ನಡೆಸುವವ, ಮುಂದೆ ನಿಂತು ನೀರು ನೋಡುವವ, ಅಷ್ಟಕ್ಕೇ ದೋಣಿ ಭರ್ತಿ. ಕ್ಯಾನ್ ಬಾಯಿತನಕ ತುಂಬಬಾರದು, ಬಿಸಿಲಿಗೆ ಉಬ್ಬಿ ಸೋರ್ತದೆ.

ಕೆಡೋದು ಎಲ್ಲಿ? ಪ್ರೊಪೆಲ್ಲರ್ ದಿಮ್ಮಿಗೆ ಬಡಿದ್ರೆ ಒಳಗಿನ ರಬ್ಬರ್ ಬುಷ್ ಹರೀತದೆ. ಆಮೇಲೆ ಇಂಜಿನ್ ಭರ್ರನೆ ಓಡ್ತದೆ, ದೋಣಿ ಮಾತ್ರ ನಿಂತಲ್ಲೇ. ಬೇರೆ ಪ್ರೊಪೆಲ್ಲರ್, ಅದರ ಪಿನ್ನು, ಪ್ಲಗ್, ಸ್ಟಾರ್ಟರ್ ಹಗ್ಗ ಜೊತೆಗಿರಲೇಬೇಕು. ಎರಡನೇದು ಪೆಟ್ರೋಲಿಗೆ ನೀರು ಸೇರೋದು. ಅರ್ಧ ಖಾಲಿ ಡ್ರಮ್ಮಿನಲ್ಲಿ ರಾತ್ರಿ ತಂಪಿಗೆ ಬೆವರು ಹಿಡೀತದೆ, ನೀರು ಅಡಿಗೆ ಕೂರ್ತದೆ. ಡ್ರಮ್ಮಿನ ತಳದ ಎರಡು ಲೀಟರ್ ಕಡೆಗೂ ಎಳೀಬಾರದು, ಉಳಿದದ್ದು ಸೋಸಿ ಹಾಕಬೇಕು.

ಮೇಯಿಂದ ಆಗಸ್ಟ್ ನಡುವೆ 'ಫ್ರಿಯಾಹೆ' ಅಂತ ದಕ್ಷಿಣದಿಂದ ಚಳಿಗಾಳಿ ಬರ್ತದೆ. ಕಾಡಿನ ಸೆಕೆಯಲ್ಲಿ ಒಮ್ಮೆಲೇ 10–15 ಡಿಗ್ರಿಗೆ ಇಳೀತದೆ. ಒದ್ದೆ ಬಟ್ಟೆಯಲ್ಲಿ ದೋಣಿಯಲ್ಲಿ ಕೂತವರಿಗೆ ಅದು ಹುಡುಗಾಟ ಅಲ್ಲ, ಕಂಬಳಿ ಬೇಕು.

---

ಹಳೇಕಡತ (ಸುಂಕೇರಿ)

ತಾರಿಬಾಗಿಲು ಅವರು ದೋಣಿ ತುಂಬಿಸಿದರು, ನಾನು ಪೂಜೆಯ ಪೆಟ್ಟಿಗೆ ತುಂಬಿಸುತ್ತೇನೆ. ಕಾನೂನು ಬಾಳಿಗೆ ತಾಗೋದು ಇಲ್ಲೇ.

ಓಸ್ತಿ (ಬಲಿಪೂಜೆಯ ತೆಳು ರೊಟ್ಟಿ) ಗೋಧಿಯದ್ದೇ ಆಗಬೇಕು, ಕೆಡುವ ಭಯ ಇಲ್ಲದಷ್ಟು ಹೊಸದಿರಬೇಕು. ಅಲ್ಲಿ ಸುಲಭಕ್ಕೆ ಸಿಗೋದು ಮರಗೆಣಸು, ಜೋಳ, ಅವೆರಡೂ ನಡೆಯೋದಿಲ್ಲ. ಜುಲೈನಲ್ಲಿ ನಮ್ಮಲ್ಲಿ ಹಪ್ಪಳದ ಡಬ್ಬಿ ಮುಚ್ಚಳ ಅರ್ಧ ಗಂಟೆ ತೆಗೆದಿಟ್ಟರೆ ಏನಾಗುತ್ತದೋ ಅಲ್ಲಿ ಓಸ್ತಿಗೆ ವರ್ಷವಿಡೀ ಅದೇ. ಮೊದಲು ಮೆತ್ತಗಾಗಿ ಒಂದಕ್ಕೊಂದು ಅಂಟುತ್ತವೆ, ಆಮೇಲೆ ಅಂಚಿನಲ್ಲಿ ಬೂದು ಚುಕ್ಕಿ. ಗಾಳಿ ಆಡದ ಸಣ್ಣ ಡಬ್ಬಿಗಳು, ಒಂದೊಂದರಲ್ಲಿ ಒಂದೇ ಊರಿಗೆ ಬೇಕಾದಷ್ಟು, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ದೊಡ್ಡ ಡಬ್ಬಿ ಒಂದೇ ಇಟ್ಟುಕೊಂಡರೆ ಪ್ರತಿ ಊರಿನಲ್ಲಿ ತೆರೆದೂ ತೆರೆದೂ ಕೊನೆಯ ಊರಿಗೆ ಏನೂ ಉಳಿಯೋದಿಲ್ಲ. ದ್ರಾಕ್ಷಾರಸಕ್ಕೂ ಇದೇ ಮಾತು. ದೊಡ್ಡ ಬಾಟಲಿ ತೆರೆದರೆ ಆ ಸೆಕೆಗೆ ಹುಳಿಯಾಗುತ್ತದೆ, ಸಣ್ಣ ಸೀಲ್ ಬಾಟಲಿಗಳೇ ಲೇಸು.

ಊರಿನ ಪ್ರಾರ್ಥನಾಲಯದಲ್ಲಿ ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಂಡ ಓಸ್ತಿ) ಸದಾ ಇಡುವ ಹಾಗಿಲ್ಲ. ಅದನ್ನು ನೋಡಿಕೊಳ್ಳುವ ಒಬ್ಬರು ಇರಬೇಕು, ಸಾಧ್ಯವಾದ ಮಟ್ಟಿಗೆ ತಿಂಗಳಿಗೆ ಎರಡು ಸಲವಾದರೂ ಗುರು ಬಂದು ಬಲಿಪೂಜೆ ಮಾಡಬೇಕು (ಕಾನನ್ 934). ವರ್ಷಕ್ಕೆ ಒಂದೆರಡು ಸಲ ದೋಣಿ ಮುಟ್ಟುವ ಊರಿಗೆ ಇದು ಹೊಂದೋದಿಲ್ಲ. ನಿಮ್ಮ ಕರಡಿನಲ್ಲಿ 'ಪ್ರತಿ ಹಳ್ಳಿಯಲ್ಲೂ ಪರಮಪ್ರಸಾದದ ಪೆಟ್ಟಿಗೆ' ಅಂತೇನಾದರೂ ಇದ್ದರೆ ತೆಗೆಯಿರಿ.

ತೈಲದ ಸೂಕ್ಷ್ಮ ಬಹಳ ಜನರಿಗೆ ತಿಳಿದಿಲ್ಲ. ದೃಢೀಕರಣ ಸಂಸ್ಕಾರ ಕೊಡುವ ಅಧಿಕಾರ ಪ್ರಿಫೆಕ್ಟ್ ಆಗಿರುವ ಗುರುವಿಗೂ ಅವರ ಎಲ್ಲೆಯೊಳಗೆ ಕಾನೂನಿನಿಂದಲೇ ಇದೆ. ಆದರೆ ಅದಕ್ಕೆ ಬೇಕಾದ ಕ್ರಿಸ್ಮ ತೈಲವನ್ನು ಪವಿತ್ರೀಕರಿಸಲು ಬಿಷಪರೇ ಆಗಬೇಕು. ಹಾಗಾಗಿ ಬಿಷಪ್ ಅಲ್ಲದ ಪ್ರಿಫೆಕ್ಟ್ ವರ್ಷ ವರ್ಷ ನೆರೆಯ ಬಿಷಪರಿಂದ ತೈಲ ತರಿಸಿಕೊಳ್ಳಬೇಕು. ರೋಗಿಗಳ ತೈಲ ಹಾಗಲ್ಲ. ಅಗತ್ಯ ಬಿದ್ದರೆ ಯಾವ ಗುರುವೂ ಸಂಸ್ಕಾರ ಕೊಡುವ ಹೊತ್ತಿನಲ್ಲೇ ಆಶೀರ್ವದಿಸಬಹುದು. ಕ್ರಿಸ್ಮ ತೈಲದ ಪೂಜೆ ಪವಿತ್ರ ಗುರುವಾರದ್ದು, ಆದರೆ ಆ ದಿನ ಗುರುಗಳು ಸೇರಲಾಗದಿದ್ದರೆ ಈಸ್ಟರಿಗೆ ಹತ್ತಿರದ ಬೇರೆ ದಿನ ಮೊದಲೇ ಮಾಡಬಹುದು. ಹೊಳೆ ಸೀಮೆಗೆ ಇದು ದೊಡ್ಡ ಅನುಕೂಲ.

ಗುರುಗಳಿಲ್ಲದ ತಿಂಗಳುಗಳಲ್ಲಿ ನಡೆಸೋದು ಧರ್ಮೋಪದೇಶಕರು. ನೇಮಕಗೊಂಡ ಉಪದೇಶಕರು ದೀಕ್ಷಾಸ್ನಾನ ಕೊಡಬಹುದು. ಪ್ರಾಣಾಪಾಯವಿದ್ದರೆ ಸರಿಯಾದ ಉದ್ದೇಶವುಳ್ಳ ಯಾರೂ ಕೊಡಬಹುದು. ರೋಮಿನ ಅನುಮತಿ ಇದ್ದ ಕಡೆ ಮದುವೆಗೆ ಶ್ರೀಸಾಮಾನ್ಯರೇ ಅಧಿಕೃತ ಸಾಕ್ಷಿಯಾಗಿ ನಿಲ್ಲಬಹುದು (ಕಾನನ್ 1112). ಇನ್ನೊಂದು ತಿಂಗಳು ಯಾವ ಗುರುವೂ ಬರೋದಿಲ್ಲ ಅಂತ ವಿವೇಕದಿಂದ ಅಂದಾಜಾದರೆ ಇಬ್ಬರು ಸಾಕ್ಷಿಗಳ ಎದುರು ಆದ ಮದುವೆಯೂ ಸಿಂಧು (ಕಾನನ್ 1116).

ತಕರಾರು ಏಳೋದು ದಾಖಲೆಯಲ್ಲಿ. ಉಪದೇಶಕರು ಕೊಟ್ಟ ದೀಕ್ಷಾಸ್ನಾನವನ್ನು ಧರ್ಮಕೇಂದ್ರದ ಗುರುವಿಗೆ ತಿಳಿಸಿ ಪುಸ್ತಕಕ್ಕೆ ಏರಿಸಬೇಕು. ಚೀಟಿ ನೀರಿಗೆ ಬಿತ್ತು, ಜೆಲ್ ಪೆನ್ನಿನ ಶಾಯಿ ಕದಡಿತು ಅಂದರೆ ಇಪ್ಪತ್ತು ವರ್ಷ ಬಿಟ್ಟು ಮದುವೆ ಹೊತ್ತಿಗೆ ಪ್ರಮಾಣಪತ್ರವೇ ಹುಟ್ಟೋದಿಲ್ಲ. ಸಾದಾ ಬಾಲ್ ಪೆನ್ನು, ಎರಡು ಪ್ರತಿ, ಪ್ಲಾಸ್ಟಿಕ್ ಲಕೋಟೆ. ಹೆಸರಿನಲ್ಲೂ ಎಡವುತ್ತಾರೆ: ಅಲ್ಲಿ ಅಡ್ಡಹೆಸರು ಎರಡು, ಮೊದಲು ತಂದೆಯದ್ದು, ಆಮೇಲೆ ತಾಯಿಯದ್ದು. ಒಂದನ್ನು ಬಿಟ್ಟು ಬರೆದರೆ ಅದೇ ಮಗು ಎರಡು ಪುಟದಲ್ಲಿ ಎರಡು ಮಗುವಾಗುತ್ತದೆ.

---

ಬನವಾಸಿ_ರಸ್ತೆ (ಶಿರಸಿ)

ನಕ್ಷೆ ಬಗ್ಗೆ ಒಂದು ಮಾತು. ಪುಯೆರ್ತೊ ಮಾಲ್ದೊನಾದೊದಿಂದ ಎಲ್ಲ ಊರಿಗೂ ಒಂದೇ ಹೊಳೆಯಲ್ಲಿ ಹೋಗುವ ಹಾಗೆ ಬಾಣ ಹಾಕಬೇಡಿ. ವಿಕಾರಿಯೇಟ್ ಎರಡು ಜಲಾನಯನದ ಮೇಲೆ ಕೂತಿದೆ. ಪಟ್ಟಣ ಇರೋದು ತಂಬೊಪಾತಾ ನದಿ ಮಾದ್ರೆ ದೆ ದಿಯೊಸ್ ನದಿಗೆ ಸೇರುವ ಸಂಗಮದಲ್ಲಿ. ಆ ನೀರು ಬೇನಿ, ಮದೈರಾ ನದಿಗಳ ದಾರಿ ಹಿಡೀತದೆ. ತಿಂಪಿಯಾ, ಕಿರಿಗೆತಿ, ಸೆಪಾಹುವಾ ಮಿಷನ್‌ಗಳು ಉರುಬಾಂಬಾ ಮೇಲಿವೆ. ಆ ನೀರು ಉಕಯಾಲಿಗೆ ಹೋಗ್ತದೆ. ಎರಡೂ ಕೂಡೋದು ಬಹಳ ಕೆಳಗೆ, ಅಮೆಜಾನ್‌ನಲ್ಲೇ. ನಮ್ಮಲ್ಲಿ ಶಂಕರಹೊಂಡದ ಅಘನಾಶಿನಿ ಪಡುವಣಕ್ಕೆ, ಬನವಾಸಿ ಮುಂದಿನ ವರದೆ ಮೂಡಣಕ್ಕೆ ಹೋದ ಹಾಗೆ. ನಡುವಿನ ಏರು ದಾಟಿಸಿ ದೋಣಿ ಸಾಗಿಸಿದ ರಬ್ಬರ್ ವ್ಯಾಪಾರಿ ಫಿಟ್ಸ್‌ಕರಾಲ್ದ್ ಹೆಸರು ಆ ಜಾಗಕ್ಕೇ ಉಳಿದಿದೆ.

ಉರುಬಾಂಬಾದಲ್ಲೂ ಪೊಂಗೊ ದೆ ಮೈನಿಕೆ ಅನ್ನುವ ಕಂದರ ಬರ್ತದೆ, ಸುಮಾರು ಮೂರು ಕಿ.ಮೀ. ಉದ್ದ. ಎರಡೂ ಕಡೆ ಬಂಡೆ, ನಡುವೆ ಸುಳಿ. ಮಳೆಗಾಲದಲ್ಲಿ ಅದನ್ನು ದಾಟೋದು ಅಪಾಯ. ನಕ್ಷೆಯಲ್ಲಿ ಅದಕ್ಕೊಂದು ಕೆಂಪು ಗೆರೆ ಇರಲಿ.

ಮತ್ತೆ ಮಾಲ್ದೊನಾದೊ ಅಂದ ಕೂಡಲೇ ರಸ್ತೆ ಇಲ್ಲದ ಊರು ಅಂತ ಬರೆಯೋದೂ ತಪ್ಪು. ಬ್ರೆಜಿಲ್ ಕಡೆ ಹೋಗುವ ಅಂತರ್‌ಸಾಗರ ಹೆದ್ದಾರಿ ಊರಿಗೇ ಬಂದಿದೆ, ಮಾದ್ರೆ ದೆ ದಿಯೊಸ್ ಮೇಲೆ 722 ಮೀಟರಿನ ಸೇತುವೆ ಇದೆ. ರಸ್ತೆಯಿಲ್ಲದ ದೊಡ್ಡ ಪಟ್ಟಣ ಇಕಿತೋಸ್, ಅಲ್ಲಿಗೆ ವಿಮಾನ ಇಲ್ಲವೇ ಹಡಗು. ಮಾಲ್ದೊನಾದೊದ ಈಗಿನ ಸಂಕಟ ಬಂಗಾರ: ಅಕ್ರಮವಾಗಿ ಮರಳು ತೊಳೆದು ಬಂಗಾರ ತೆಗೀತಾರೆ, ಅದಕ್ಕೆ ಬಳಸುವ ಪಾದರಸ ಹೊಳೆಗೆ ಸೇರಿ ಮೀನಿಗೆ ಬರ್ತದೆ. 2018ರ ಜನವರಿ 19ರಂದು ಪೋಪ್ ಫ್ರಾನ್ಸಿಸ್ ಅಲ್ಲಿ ಮೂಲನಿವಾಸಿಗಳನ್ನು ಕಂಡಾಗ ಈ ಗಣಿಗಾರಿಕೆಯ ಮಾತೂ ಎತ್ತಿದರು. ಮರುವರ್ಷ ರೋಮಿನಲ್ಲಿ ಅಮೆಜಾನ್ ಸಿನೊಡ್ (ಬಿಷಪರ ಸಭೆ) ನಡೀತು.

---

ಕಾಳಿತೀರ (ಕಾರವಾರ)

ಎಲ್ಲರಿಗೂ ಉಪಕಾರ. 'ಕಿರು' ಹೋಯ್ತು, ಎಂಟು ದಿನ ಹೋಯ್ತು, ಅಕ್ಟೋಬರ್ ಹೋಯ್ತು. ಪೆಟ್ರೋಲ್ ಲೆಕ್ಕಕ್ಕೆ ಒಂದಿಡೀ ಫಲಕ ಬಿಟ್ಟುಕೊಡ್ತೇನೆ. ಐದನೇ ಫಲಕದ ಮೊದಲ ಸಾಲು ಹೀಗಿದೆ, ನೋಡಿ ಹೇಳಿ: 'ಹೊರಜಗತ್ತನ್ನೇ ಕಾಣದ ಬುಡಕಟ್ಟುಗಳನ್ನು ಹುಡುಕಿಕೊಂಡು ಮಿಷನರಿಗಳು ಇಂದಿಗೂ ದಟ್ಟ ಕಾಡು ಹೊಗುತ್ತಾರೆ.'

---

ಹಳೇಕಡತ (ಸುಂಕೇರಿ)

ಈ ಸಾಲು ಪೂರ್ತಿ ಹೊಡೆದುಹಾಕಿ. ಮಾಶ್ಕೊ ಪಿರೊ ಅಂಥ ಪ್ರತ್ಯೇಕವಾಗಿ ಉಳಿದ ಜನರ ಹತ್ತಿರ ಹೋಗೋದು ಧರ್ಮಕಾರ್ಯ ಅಲ್ಲ, ಅವರ ಜೀವಕ್ಕೆ ಅಪಾಯ. ನಮಗೆ ಮೂರು ದಿನದ ನೆಗಡಿಯಾದದ್ದು ಅವರಲ್ಲಿ ಊರನ್ನೇ ತೆಗೆಯಬಹುದು. ಇಂಥವರ ರಕ್ಷಣೆಗೆಂದೇ ಪೆರು 2006ರಲ್ಲಿ 28736ನೇ ಸಂಖ್ಯೆಯ ಕಾನೂನು ಮಾಡಿದೆ.

ಬದಲಿಗೆ ಇಬ್ಬರ ಹೆಸರು ಬಳಸಿ. ಒಬ್ಬರು ಡೊಮಿನಿಕನ್ ಫಾದರ್ ಹೊಸೆ ಆಲ್ವಾರೆಸ್. ಹರಕ್ಬುತ್ ಜನ ಅವರನ್ನು 'ಅಪಾಕ್ತೊನೆ' ಅಂತ ಕರೆದರು, ಮುದಿ ಅಪ್ಪ ಅನ್ನುವ ಅರ್ಥದಲ್ಲಿ, 1970ರಲ್ಲಿ ತೀರಿಕೊಂಡರು. ಇನ್ನೊಬ್ಬರು ನೆರೆಯ ಈಕ್ವೆಡಾರಿನ ಅಗುವಾರಿಕೊ ವಿಕಾರಿಯೇಟಿನ ಬಿಷಪ್ ಅಲೆಹಾಂದ್ರೊ ಲಬಾಕಾ, ಕಪುಚಿನ್ ಸಂಘದವರು. ತೈಲ ಶೋಧಕರು ಕಾಲಿಡುವ ಮುನ್ನ, ಪ್ರತ್ಯೇಕವಾಗಿ ಉಳಿದಿದ್ದ ತಗಾಎರಿ ಜನರನ್ನು ಕಂಡು ಅವರನ್ನು ಉಳಿಸಬೇಕು ಅಂತ 1987ರ ಜುಲೈ 21ರಂದು ಸಿಸ್ಟರ್ ಇನೆಸ್ ಅರಾಂಗೊ ಜೊತೆ ಹೆಲಿಕಾಪ್ಟರಿನಿಂದ ಇಳಿದರು. ಇಬ್ಬರೂ ಈಟಿಗೆ ಬಲಿಯಾದರು. ಅದನ್ನು ಸಾಹಸದ ಕಥೆ ಮಾಡಬೇಡಿ. ತೈಲದ ಒತ್ತಡ ಎಷ್ಟಿತ್ತು ಅನ್ನೋದನ್ನೂ ಬರೆಯಿರಿ.

ಕಾಣಿಕೆ ಡಬ್ಬಿಯ ಮಾತು ಬಿಟ್ಟುಹೋಗಿತ್ತು. ಮಿಷನ್ ಭಾನುವಾರದ ಸಂಗ್ರಹ ಒಂದೇ ವಿಕಾರಿಯೇಟಿಗೆ ಅಂತ ಹೆಸರು ಬರೆದು ಕಳಿಸುವಂಥದ್ದಲ್ಲ. ಎಲ್ಲ ಧರ್ಮಕೇಂದ್ರಗಳ ದುಡ್ಡು ಪೊಂಟಿಫಿಕಲ್ ಮಿಷನ್ ಸೊಸೈಟಿಯ ಸಾಮಾನ್ಯ ನಿಧಿಗೆ ಸೇರಿ, ಅಲ್ಲಿಂದ ಹಂಚಿಕೆಯಾಗುತ್ತದೆ. 1926ರಿಂದ ಇದೇ ಪದ್ಧತಿ. ಡಬ್ಬಿ ಮೇಲೆ 'ಮಿಷನ್ ಭಾನುವಾರದ ಕಾಣಿಕೆ' ಅಂತಷ್ಟೇ ಇರಲಿ. ಪುಯೆರ್ತೊ ಮಾಲ್ದೊನಾದೊ ಹೆಸರು ಹಾಕಿದರೆ ಕೊಟ್ಟವರು ನಾಳೆ ಲೆಕ್ಕ ಕೇಳುತ್ತಾರೆ, ಕೇಳೋದು ನ್ಯಾಯವೂ ಹೌದು.

---

ತಾರಿಬಾಗಿಲು (ಹೊನ್ನಾವರ)

ಕಾರ್ಯಕ್ರಮದ ದಿನ ಯಾರಾದರೂ 'ನಾವೂ ಹೋಗಬಹುದಾ' ಅಂತ ಕೇಳೇ ಕೇಳ್ತಾರೆ, ಉತ್ತರ ಇಟ್ಕೊಳ್ಳಿ. ಹಳದಿ ಜ್ವರದ ಚುಚ್ಚುಮದ್ದು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ ಆಗಬೇಕು, ಹೊರಡೋಕೆ ಕನಿಷ್ಠ 10 ದಿನ ಮೊದಲು. ಚುಚ್ಚುಮದ್ದಿನ ಪ್ರಮಾಣಪತ್ರವಾದ ಹಳದಿ ಪುಸ್ತಕ ವಾಪಸ್ ಬರುವಾಗಲೂ ಬೇಕು. ಪೆರುವಿನಿಂದ ಬಂದವರ ಹತ್ರ ಅದಿಲ್ಲದಿದ್ರೆ ನಮ್ಮ ವಿಮಾನ ನಿಲ್ದಾಣದಲ್ಲಿ ಆರು ದಿನದವರೆಗೆ ಕ್ವಾರಂಟೈನ್ ಹಾಕಬಹುದು. ಮೊಟ್ಟೆ ಅಲರ್ಜಿ ಇದ್ದವರು, 60 ದಾಟಿದವರು ಮೊದಲೇ ಡಾಕ್ಟರಿಗೆ ಹೇಳಬೇಕು.

---

ಬನವಾಸಿ_ರಸ್ತೆ (ಶಿರಸಿ)

ಪ್ರಿಂಟಿಗೆ ಕೊಡುವ ಮುಂಚೆ ಉಚ್ಚಾರ ಒಮ್ಮೆ ನೋಡಿ. ನಮ್ಮ ಕರಾವಳಿ ಕೈ ಅಭ್ಯಾಸಬಲದಿಂದ 'ಜುಜೆ' ಅಂತ ಬರೆದುಬಿಡ್ತದೆ. ಅದು ಪೋರ್ಚುಗೀಸ್ ದಾರಿ. ಪೆರುವಿನವರು ಸ್ಪ್ಯಾನಿಷ್, 'ಹೊಸೆ' ಅಂತಲೇ ಬರಲಿ.